ಯುವನಿಧಿ ಹಣ ಕಾರವಾರದ ಹುಡುಗರನ್ನು ಕೆಲಸಕ್ಕೆ ಸೇರಿಸುತ್ತದಾ?

ಪರ

ಡಿಗ್ರಿ ಮುಗಿಸಿದವರಿಗೆ ಕೆಲಸ ಹುಡುಕುವುದೇ ಒಂದು ಖರ್ಚು. ಸಂದರ್ಶನ ಇರುವುದು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ, ಇಲ್ಲವೇ ಗಡಿಯಾಚೆ ಮಡಗಾಂವ್, ವೆರ್ಣಾ ಕಡೆ. ಬಸ್ಸು, ಊಟ, ಅರ್ಜಿ ಶುಲ್ಕ, ಮೊಬೈಲ್ ರೀಚಾರ್ಜ್, ಕೆಲವೊಮ್ಮೆ ಒಂದು ರಾತ್ರಿಗೆ ರೂಮು. ಇದಕ್ಕೆಲ್ಲ ಅಪ್ಪನ ಹತ್ತಿರ ಕೈಚಾಚಬೇಕು. ಅಪ್ಪ ಬೋಟಿಗೆ ಹೋಗುವವನಾದರೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಆಗ ಅವನ ಕೈಯೂ ಖಾಲಿ.

ಅಂಥ ಮನೆಗೆ ಯುವನಿಧಿ, ಅಂದರೆ ಓದಿಯೂ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡುವ ತಿಂಗಳ ಭತ್ಯೆ, ನಿಜವಾದ ಆಸರೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಇದಕ್ಕೆ ಚಾಲನೆ ಸಿಕ್ಕಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದಿದ್ದರೆ ಹಣ ಬರುತ್ತದೆ. ಹೆಚ್ಚೆಂದರೆ ಎರಡು ವರ್ಷ. ನಡುವೆ ಕೆಲಸ ಸಿಕ್ಕರೆ ನಿಲ್ಲುತ್ತದೆ.

ಸುಮ್ನೆ ದುಡ್ಡು ಕೊಟ್ಟರೆ ಹುಡುಗರು ಸೋಮಾರಿಗಳಾಗುತ್ತಾರೆ ಅನ್ನುವ ಮಾತು ನನಗೆ ಬಹಳ ಬೇಸರ ತರಿಸುತ್ತದೆ. 3,000 ರೂಪಾಯಿಯಲ್ಲಿ ಯಾರ ಸಂಸಾರ ನಡೆಯುತ್ತದೆ? ಅದು ಹುಡುಕಾಟದ ಖರ್ಚು, ಅಷ್ಟೇ. ಅದೂ ಇಲ್ಲದವರು ಮೊದಲು ಸಿಕ್ಕ ಕೆಲಸಕ್ಕೆ ಹೋಗಿಬಿಡುತ್ತಾರೆ. ಬಿಎಸ್‌ಸಿ ಮಾಡಿದವಳು ಬಟ್ಟೆ ಅಂಗಡಿ ಸೇರಿದರೆ, ಆಮೇಲೆ ಲ್ಯಾಬ್ ಕೆಲಸದ ಸಂದರ್ಶನಕ್ಕೆ ಹೋಗಲು ರಜೆಯೂ ಸಿಗುವುದಿಲ್ಲ.

ಹೆಣ್ಣುಮಕ್ಕಳಿಗಂತೂ ಇದು ಇನ್ನೂ ಮುಖ್ಯ. ಶಕ್ತಿ ಯೋಜನೆಯಿಂದ ರಾಜ್ಯದೊಳಗೆ ಸರ್ಕಾರಿ ಬಸ್ಸಿನ ಖರ್ಚಿಲ್ಲ, ನಿಜ. ಆದರೆ ಮಾಜಾಳಿ ದಾಟಿ ಗೋವಾಕ್ಕೆ ಹೋಗಲು ಟಿಕೆಟ್ ತೆಗೆಯಲೇಬೇಕು. ತನ್ನ ಖಾತೆಗೇ ಹಣ ಬಿದ್ದರೆ, ಎಲ್ಲಿಗೆ, ಯಾಕೆ ಎಂದು ಕೇಳುವವರ ಮುಂದೆ ದುಡ್ಡಿಗಾಗಿ ನಿಲ್ಲುವುದು ತಪ್ಪುತ್ತದೆ.

ವಿರೋಧ

ಹಣ ಕೊಡಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಹಣ ಹಾಕಿದ ಮಾತ್ರಕ್ಕೆ ಕೆಲಸದ ದಾರಿ ತೋರಿಸಿದಂತಾಗುವುದಿಲ್ಲ. ನನಗೆ ಕೆಲಸ ಸಿಕ್ಕಿಲ್ಲ ಎಂದು ಸ್ವಯಂ ಘೋಷಣೆ ಕೊಡುತ್ತಾ ಹೋದರೆ ಹಣ ಬರುತ್ತಿರುತ್ತದೆ. ಏನು ಕಲಿತೆ, ಎಲ್ಲಿ ಪ್ರಯತ್ನಿಸಿದೆ ಎಂದು ಜೊತೆಗೆ ಕೂತು ವಿಚಾರಿಸುವವರು ಬೇಡವಾ?

ಎರಡು ವರ್ಷಕ್ಕೆ ಒಬ್ಬ ಪದವೀಧರನಿಗೆ 72,000 ರೂಪಾಯಿ. ಅದೇ ಹಣದಲ್ಲಿ ಕೆಲಸ ಕಲಿಸಬಹುದು. ಕೈಗಾ ಅಣುಸ್ಥಾವರ ಮತ್ತು ಕಾರವಾರದ ನೌಕಾನೆಲೆಯ ಹಡಗು ದುರಸ್ತಿ ಯಾರ್ಡ್ ಐಟಿಐ ಆದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತವೆ. ಇದು ಸಣ್ಣ ಗ್ಯಾರೇಜಿಗೂ ಬರಬೇಕು. 2016ರಲ್ಲಿ ಕೇಂದ್ರ ತಂದ ಅಪ್ರೆಂಟಿಸ್ ಯೋಜನೆ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿವರೆಗೆ, ಸರ್ಕಾರವೇ ಹೊರುವ ಏರ್ಪಾಡು ಮಾಡಿತು. ಯುವನಿಧಿಯ ಹಣವನ್ನೂ ಅದರ ಜೊತೆ ಸೇರಿಸಿದರೆ ಬೈತಖೋಲದಲ್ಲಿ ಬೋಟ್ ಎಂಜಿನ್ ರಿಪೇರಿ ಮಾಡುವವನೂ ಒಬ್ಬ ಹುಡುಗನನ್ನು ಇಟ್ಟುಕೊಂಡಾನು. ಶಿರಸಿ ಕಡೆ ಅಡಿಕೆ ಗೊನೆ ಕೊಯ್ಯುವವರು ಸಿಗದೆ ತೋಟದವರು ಪರದಾಡುತ್ತಿದ್ದಾರೆ. ದೋಟಿಯಲ್ಲಿ, ಅಂದರೆ ಉದ್ದ ಕೋಲಿನಲ್ಲಿ, ಕೊಯ್ಯುವುದನ್ನು ಕಲಿತವನಿಗೆ ಅಲ್ಲಿ ಕೆಲಸವಿದೆ.

ಹೇಗೆ ಮಾಡಬೇಕು ಎಂಬುದಕ್ಕೆ ಮಾದರಿಯೂ ನಮ್ಮಲ್ಲೇ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ, ಸ್ವಂತ ಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆ ಊಟ, ವಸತಿ ಕೊಟ್ಟು ಉಚಿತವಾಗಿ ತರಬೇತಿ ಕೊಡುತ್ತದೆ. ಅದೇ ಮಾದರಿಯ ಸಂಸ್ಥೆ ನಮ್ಮ ಜಿಲ್ಲೆಯ ಹಳಿಯಾಳದಲ್ಲೂ ಇದೆ. ಇಲ್ಲಿ ನನಗೆ ಹಿಡಿಸಿದ್ದು ಒಂದೇ ವಿಷಯ. ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನು ಬಿಡದೆ ವಿಚಾರಿಸಬೇಕು ಎಂಬುದು ಅವರ ಪದ್ಧತಿ. ಯುವನಿಧಿಗೂ ಎರಡು ವರ್ಷವೇ ಇದೆಯಲ್ಲ, ಆ ಅವಧಿಯನ್ನು ಹೀಗೆ ಬಳಸಬಹುದಿತ್ತು.

ನನ್ನ ದೊಡ್ಡ ತಕರಾರು ಬೇರೆ. ಈ ಯೋಜನೆ ಈಗಷ್ಟೇ ಓದು ಮುಗಿಸಿದವರಿಗೆ. ಇದ್ದ ಕೆಲಸ ಕಳೆದುಕೊಂಡವರ ಗತಿ ಏನು? 2010ರಲ್ಲಿ ರಾಜ್ಯ ಕಬ್ಬಿಣದ ಅದಿರು ರಫ್ತು ನಿಲ್ಲಿಸಿದಾಗ ಬೇಲೇಕೇರಿ ಬಂದರನ್ನು ನಂಬಿದ್ದ ಲಾರಿಗಳು ನಿಂತವು. ಡ್ರೈವರು, ಕ್ಲೀನರು, ಪಂಕ್ಚರ್ ಅಂಗಡಿಯವರು, ರಸ್ತೆ ಬದಿ ಹೋಟೆಲಿನವರು, ಎಲ್ಲರ ದುಡಿಮೆಗೂ ಪೆಟ್ಟು ಬಿತ್ತು. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇರುವವರಿಗೆ ಈಗ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಿದೆ, ಕೆಲಸ ಹೋದರೆ 90 ದಿನದವರೆಗೆ ಅರ್ಧ ಸಂಬಳ. ಲಾರಿ ಕ್ಲೀನರಿಗೆ ಎಲ್ಲಿಯ ಇಎಸ್‌ಐ? ನಲವತ್ತು ದಾಟಿದ, ಮನೆಯಲ್ಲಿ ಮೂರು ನಾಲ್ಕು ಜನರಿರುವ ಅವನನ್ನು ಬರಿಗೈಯಲ್ಲಿ ತರಬೇತಿಗೆ ಬಾ ಎಂದರೆ ಬರುವುದಿಲ್ಲ. ಅವನು ಹೊಸ ಕೆಲಸ ಕಲಿಯುವಷ್ಟು ದಿನ ಮನೆಗೆ ಅಕ್ಕಿ ಬರಬೇಕು. ಯುವನಿಧಿಯಂಥ ತಿಂಗಳ ಹಣವನ್ನು ಮೊದಲು ಕೊಡಬೇಕಾದದ್ದು ಅವನಿಗೆ.