ಬಣ್ಣದ ಪರದೆಗೆ ಮೀನಮೇಷ

ಪುಸ್ತಕ ಓದಲೆಂದೇ ಇರುವ ನನ್ನ ಕಪ್ಪು-ಬಿಳುಪು ಪರದೆಯ ಇ-ರೀಡರ್‌ಗೆ ಏನೂ ಆಗಿಲ್ಲ. ತೊಂದರೆ ಇರುವುದೇ ಅಲ್ಲಿ. ಅದು ಒಮ್ಮೆಯಾದರೂ ಕೈಜಾರಿ ಬಿದ್ದು ಮೂಲೆ ಒಡೆದುಕೊಂಡಿದ್ದರೆ, ಅಥವಾ ಅದರ ಬ್ಯಾಟರಿಯಾದರೂ ಓದಿನ ನಡುವೆ ಕೈಕೊಡುವಂತಿದ್ದರೆ, ಹೊಸದನ್ನು ಕೊಳ್ಳಲು ನನಗೊಂದು ಮರ್ಯಾದೆಯ ಕಾರಣ ಸಿಗುತ್ತಿತ್ತು. ಆರು ವರ್ಷಗಳಿಂದ ಅದು ಚಕಾರವೆತ್ತದೆ ಪುಟ ಮಗುಚುತ್ತಲೇ ಇದೆ. ನಾನಾದರೋ ಬಣ್ಣದ ಪರದೆಯ ಮಾದರಿಗೆ ಬದಲಾಯಿಸಬೇಕೋ ಬೇಡವೋ ಎಂದು ಎರಡು ತಿಂಗಳಿಂದ ಮೀನಮೇಷ ಎಣಿಸುತ್ತಿದ್ದೇನೆ.

ಈ ಆಸೆಯನ್ನು ಹೊತ್ತಿಸಿದ್ದು ಮುಖಪುಟಗಳು. ಓದು ನಿಲ್ಲಿಸಿ ಸಾಧನವನ್ನು ಮಲಗಿಸಿದಾಗ ಓದುತ್ತಿರುವ ಪುಸ್ತಕದ ಮುಖಪುಟ ಪರದೆಯ ಮೇಲೆ ಮೂಡಿ, ಮತ್ತೆ ಎಬ್ಬಿಸುವವರೆಗೂ ಹಾಗೆಯೇ ನಿಂತಿರುತ್ತದೆ. ಯಾವ ಕೆಂಪಿಗೆ ಯಾವ ಹಳದಿ ಒಪ್ಪೀತೆಂದು ಕಲಾವಿದರೊಬ್ಬರು ದಿನಗಟ್ಟಲೆ ತಲೆಕೆಡಿಸಿಕೊಂಡಿರಬಹುದಾದ ಆ ಚಿತ್ರ ನನ್ನ ಮೇಜಿನ ಮೇಲೆ 16 ಬಗೆಯ ಬೂದಿಬಣ್ಣವಾಗಿ ಬಿದ್ದುಕೊಂಡಿರುತ್ತದೆ. ಅದನ್ನೂ ಸಹಿಸಿದ್ದೆ. ಆದರೆ ಹಕ್ಕಿಗಳ ಕೈಪಿಡಿಯೊಂದನ್ನು ಅದಕ್ಕೆ ತುಂಬಿಸಿದ ದಿನ ಮನಸ್ಸು ಕೆಟ್ಟಿತು. ‘ಬೆನ್ನು ಹೊಳೆಯುವ ನೀಲಿ, ಎದೆ ಕಿತ್ತಳೆ’ ಎಂಬ ಸಾಲಿನ ಪಕ್ಕದಲ್ಲೇ ಮಿಂಚುಳ್ಳಿಯು ಮೈತುಂಬ ವಿಭೂತಿ ಬಳಿದುಕೊಂಡ ಸನ್ಯಾಸಿಯಂತೆ ಕುಳಿತಿತ್ತು.

ಕೊಳ್ಳುವ ಮುನ್ನ ವಸ್ತುವಿನ ಒಳಗುಟ್ಟನ್ನು ಅರಿಯುವುದು ನನ್ನ ಚಾಳಿ. ಅರಿತಷ್ಟೂ ನಿರ್ಧಾರ ಮುಂದಕ್ಕೆ ಹೋಗುತ್ತದೆ ಎಂಬುದು ಅದರ ಗುಪ್ತ ಲಾಭ. ಈಗಿನ ಕಪ್ಪು-ಬಿಳುಪು ಪರದೆಯಲ್ಲಿರುವುದು ಕೂದಲೆಳೆಯಷ್ಟು ದಪ್ಪದ ಲಕ್ಷಾಂತರ ಕೋಶಗಳು. ಪ್ರತಿಯೊಂದರಲ್ಲೂ ಬಿಳಿ ಕಣಗಳೂ ಕಪ್ಪು ಕಣಗಳೂ ವಿರುದ್ಧ ವಿದ್ಯುದಂಶಗಳನ್ನು ಹೊತ್ತು ಪಾರದರ್ಶಕ ದ್ರವದಲ್ಲಿ ತೇಲುತ್ತಿರುತ್ತವೆ. ವಿದ್ಯುತ್ತು ಕರೆದ ಕಣಗಳು ಮೇಲೆದ್ದು ಬರುತ್ತವೆ, ಉಳಿದವು ತಳ ಸೇರುತ್ತವೆ. ಒಮ್ಮೆ ನೆಲೆನಿಂತ ಮೇಲೆ ವಿದ್ಯುತ್ತಿನ ಹಂಗಿಲ್ಲದೆ ಅಲ್ಲೇ ಇರುತ್ತವೆ. ಮಲಗಿದ ಸಾಧನದ ಮೇಲೆ ನನ್ನ ಮುಖಪುಟ ಅಲುಗಾಡದೆ ನಿಂತಿರುವುದೂ ಇದರಿಂದಲೇ. 2004ರಲ್ಲಿ ಸೋನಿ ಕಂಪನಿ ಜಪಾನಿನಲ್ಲಿ ಇಂಥ ಪರದೆಯ ಮೊದಲ ಇ-ರೀಡರನ್ನು ಮಾರಾಟಕ್ಕಿಟ್ಟಾಗಿನಿಂದ ಈ ಮೂಲ ತತ್ತ್ವ ಬದಲಾಗಿಲ್ಲ.

ಬಣ್ಣದ ಪರದೆಯಲ್ಲಿ ಶಾಯಿಯೂ, ಎಂದರೆ ಈ ಕಣಗಳೂ, ಬಣ್ಣದ್ದೇ ಇರುತ್ತದೆಂದು ನಾನು ಭಾವಿಸಿದ್ದೆ. ಇಲ್ಲ, ಕ್ಯಾಲಿಡೋ ಎಂಬ ಹೆಸರಿನಲ್ಲಿ ಬರುವ, ಹೆಚ್ಚು ಬಳಕೆಯಲ್ಲಿರುವ ಬಗೆಯಲ್ಲಿ ಶಾಯಿ ಅದೇ ಹಳೆಯ ಕಪ್ಪು-ಬಿಳುಪು. ಅದರ ಮೇಲೆ ಕೆಂಪು, ಹಸಿರು, ನೀಲಿ ಚುಕ್ಕಿಗಳ ತೆಳುವಾದ ಜರಡಿಯೊಂದನ್ನು ಹಾಸಿರುತ್ತಾರೆ. ಕೆಂಪು ಬೇಕಾದಲ್ಲಿ ಕೆಂಪು ಚುಕ್ಕಿಯ ಕೆಳಗೆ ಬಿಳಿ ಕಣಗಳನ್ನು ಎಬ್ಬಿಸಿ, ಮಿಕ್ಕವುಗಳ ಕೆಳಗೆ ಕಪ್ಪನ್ನು ಎಬ್ಬಿಸಿದರಾಯಿತು. 4,096 ಬಣ್ಣಗಳು ಹೀಗೆ ಹುಟ್ಟುತ್ತವೆ. ಕಪ್ಪು ಅಕ್ಷರಗಳಿಗೆ ಅಂಗುಲಕ್ಕೆ 300 ಚುಕ್ಕಿಗಳ ಸ್ಪಷ್ಟತೆ ದಕ್ಕಿದರೆ, ಬಣ್ಣಕ್ಕೆ 150 ಮಾತ್ರ. ಇದಕ್ಕಿಂತ ದೊಡ್ಡ ತೆರಿಗೆ ಬಿಳಿಯ ಮೇಲೆ ಬೀಳುತ್ತದೆ. ಜರಡಿಯ ಪ್ರತಿ ಚುಕ್ಕಿಯೂ ತನ್ನ ಬಣ್ಣದ ಬೆಳಕನ್ನಷ್ಟೇ ಬಿಟ್ಟು ಉಳಿದುದನ್ನು ನುಂಗುವುದರಿಂದ, ಯಾವ ಚಿತ್ರವೂ ಇಲ್ಲದ ಪುಟದಲ್ಲಿ ಸಹ ಬಿಳುಪು ಕುಗ್ಗುತ್ತದೆ. ಎಂದರೆ, ಅಪರೂಪಕ್ಕೊಮ್ಮೆ ಕಾಣುವ ಮಿಂಚುಳ್ಳಿಗಾಗಿ ನಾನು ಓದುವ ಪ್ರತಿ ಪುಟದಿಂದಲೂ ಒಂದಿಷ್ಟು ಬೆಳಕನ್ನು ಕಂದಾಯವಾಗಿ ಕಟ್ಟಬೇಕು.

ಸಯಾನ್, ಮೆಜೆಂಟಾ, ಹಳದಿ, ಬಿಳಿ ಎಂಬ ನಾಲ್ಕು ಬಗೆಯ ಕಣಗಳನ್ನೇ ಕೋಶದೊಳಗೆ ಕುಣಿಸುವ ಇನ್ನೊಂದು ಬಗೆಯೂ ಇದೆ. ಅದಕ್ಕೆ ಜರಡಿ ಬೇಡ, ಆದರೆ ತಾಳ್ಮೆ ಬೇಕು. ಬಣ್ಣದ ಪುಟ ಮೂಡುವ ಮುನ್ನ ಪರದೆ ಹಲವು ಬಾರಿ ಕಣ್ಣು ಮಿಟುಕಿಸುತ್ತದೆ. ಕಾದಂಬರಿಯ ಕೊಲೆಗಾರ ಯಾರೆಂದು ತಿಳಿಯುವ ಪುಟದಲ್ಲಿ ನನಗೆ ಅಷ್ಟು ತಾಳ್ಮೆ ಇರಲಾರದು.

ಓದಿ ತಿಳಿದದ್ದು ಸಾಲದೆಂದು ಗೆಳತಿಯೊಬ್ಬಳ ಬಣ್ಣದ ಸಾಧನವನ್ನು ಒಂದು ಸಂಜೆಯ ಮಟ್ಟಿಗೆ ಎರವಲು ತಂದು, ನನ್ನದರ ಪಕ್ಕದಲ್ಲಿ ಕಿಟಕಿಯ ಬಳಿ ಇಟ್ಟು, ಎರಡರಲ್ಲೂ ಒಂದೇ ಪುಟವನ್ನು ತೆರೆದೆ. ನನ್ನದು ಹಳೆಯ ಕಾಗದದಂತಿತ್ತು. ಅವಳದು ನೀಲಿ ಹಾಕದೆ ಹತ್ತಾರು ಸಲ ಒಗೆದ ಬಿಳಿ ಪಂಚೆಯಂತಿತ್ತು. ಮುಖ ಹತ್ತಿರ ಒಯ್ದರೆ ಪುಟದುದ್ದಕ್ಕೂ ಸಣ್ಣ ರವೆ ಚೆಲ್ಲಿದಂಥ ಕಾಳುಕಾಳು. ‘ಸ್ವಾತಂತ್ರ್ಯ’ ಎಂಬ ಪದದಲ್ಲಿ ಒಂದರ ಕೆಳಗೊಂದು ತೂಗಾಡುವ ಒತ್ತುಗಳು ಅಳಿಸಿಹೋಗಿರಲಿಲ್ಲ ನಿಜ, ಆದರೆ ಅವುಗಳ ಅಂಚಿಗೆ ಮಂಜು ಕವಿದಂತಿತ್ತು. ಪರದೆಯ ದೀಪವನ್ನು ತುಸು ಏರಿಸಿದೊಡನೆ ಎಲ್ಲವೂ ಹಸನಾಯಿತು. ಮಿಂಚುಳ್ಳಿಯ ಪುಟ ತೆರೆದಾಗ ನೀಲಿಯೂ ಬಂತು. ಫೋನಿನ ಪರದೆಯ ನೀಲಿಯಲ್ಲ, ಬಿಸಿಲಿಗೆ ಮಾಸಿದ ಕ್ಯಾಲೆಂಡರಿನ ನೀಲಿ. ನನಗೆ ಅದೇ ಹೆಚ್ಚು ಹಿಡಿಸಿತೆಂದು ಒಪ್ಪಿಕೊಳ್ಳಬೇಕು. ಅಂದಹಾಗೆ, ನಿಜವಾದ ಮಿಂಚುಳ್ಳಿಯ ಗರಿಯಲ್ಲೂ ನೀಲಿ ವರ್ಣದ್ರವ್ಯವಿಲ್ಲವಂತೆ. ಗರಿಯೊಳಗಿನ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವ ಬಗೆಯಿಂದ ಆ ನೀಲಿ ಕಾಣುತ್ತದೆ. ಶಾಯಿಯಿಲ್ಲದೆ ಬಣ್ಣ ತೋರುವ ವಿದ್ಯೆ ಹಕ್ಕಿಗೆ ಮೊದಲೇ ಗೊತ್ತಿತ್ತು, ಅದೂ ಹೊಳಪನ್ನು ಕಳೆದುಕೊಳ್ಳದೆ.

ಸಾಧನವನ್ನು ಮರಳಿಸಿ ಬಂದು ನನ್ನ ಲೆಕ್ಕಪತ್ರ ತೆಗೆದೆ. ಕಳೆದ ವರ್ಷ ಓದಿ ಮುಗಿಸಿದ್ದು 27 ಪುಸ್ತಕಗಳು. ಅವುಗಳಲ್ಲಿ ಬಣ್ಣ ಬೇಡಿದ್ದು ಹಕ್ಕಿಗಳ ಕೈಪಿಡಿ ಮತ್ತು ನದಿಗೂ ಗಡಿಗೂ ವ್ಯತ್ಯಾಸ ತಿಳಿಯದಂತೆ ನಕ್ಷೆಗಳು ಬೂದಿಯಾಗಿದ್ದ ಒಂದು ಇತಿಹಾಸ ಗ್ರಂಥ. ಮೆಚ್ಚಿದ ಸಾಲುಗಳಿಗೆ ಬಗೆಬಗೆಯ ಬಣ್ಣದ ಗುರುತು ಹಾಕಬಹುದೆಂಬ ಆಕರ್ಷಣೆಯೂ ಇತ್ತು; ಆದರೆ ಕಾಗದದ ಪುಸ್ತಕದಲ್ಲೂ ಕೈಗೆ ಸಿಕ್ಕ ಒಂದೇ ಪೆನ್ಸಿಲಿನಿಂದ ಗೀಚುತ್ತ ಬಂದವನು ನಾನು. ಇಷ್ಟಕ್ಕೂ ನನ್ನ ಓದು ಹೆಚ್ಚಾಗಿ ರಾತ್ರಿಯದು, ದೀಪವನ್ನು ಆದಷ್ಟೂ ತಗ್ಗಿಸಿಕೊಂಡು ಓದುವಂಥದ್ದು. ಅಂಥ ಮಬ್ಬಿನಲ್ಲಿ ನಮ್ಮ ಕಣ್ಣೇ ಬಣ್ಣಗಳನ್ನು ಅರೆಬರೆಯಾಗಿ ಗ್ರಹಿಸುತ್ತದೆ. ಚಿತ್ರಕಥೆಗಳನ್ನೋ ಪಠ್ಯಪುಸ್ತಕಗಳನ್ನೋ ಹೆಚ್ಚು ಓದುವವನಾಗಿದ್ದರೆ ಎರಡನೇ ಯೋಚನೆಯಿಲ್ಲದೆ ಕೊಂಡುಬಿಡುತ್ತಿದ್ದೆ.

ಆದ್ದರಿಂದ ಸದ್ಯಕ್ಕೆ ಖರೀದಿ ಇಲ್ಲ. ಕೈಪಿಡಿಯನ್ನು ಫೋನಿಗೆ ವರ್ಗಾಯಿಸಿದ್ದೇನೆ. ಮತ್ತೆ ಚಪಲ ಕೆರಳದಿರಲೆಂದು, ಮಲಗುವಾಗ ಮುಖಪುಟ ತೋರಿಸುವ ಆಯ್ಕೆಯನ್ನು ಸೆಟ್ಟಿಂಗ್ಸ್‌ಗೆ ಹೋಗಿ ತೆಗೆದುಹಾಕಿದೆ. ಆ ಜಾಗದಲ್ಲಿ ಈಗ ಕಾಣುವುದು ಒಂದು ಕಪ್ಪು-ಬಿಳುಪು ಮರ, ಅದರಲ್ಲಿ ಹಕ್ಕಿಗಳಿಲ್ಲ.