ತಾಂಬೂಲ ಬದಲಾದ ಮೇಲೆ

ಮೊಮ್ಮಗನಿಗೆ ಮೂರು ವರ್ಷ ತುಂಬಿದ ದಿನ ಆಟದ ಕಾರೊಂದನ್ನು ತರಲು ಹೋದ ನನ್ನ ಮುಂದೆ ಅಂಗಡಿಯ ಹುಡುಗ ಎರಡು ಕಾರುಗಳನ್ನು ಇಟ್ಟ. ಎರಡೂ ಒಂದೇ ಅಚ್ಚಿನವು, ಒಂದೇ ಕೆಂಪು. ತಿರುಗಲೊಲ್ಲದ ಹಿಂದಿನ ಎಡಚಕ್ರವೂ ಎರಡಕ್ಕೂ ಸಮಾನವಾಗಿತ್ತು. ಒಂದರ ಬೆಲೆ 150 ರೂಪಾಯಿ. ಬಾನೆಟ್ಟಿನ ಮೇಲೆ ಯಾವುದೋ ಸಿನಿಮಾ ನಾಯಕನ ಮುಖವನ್ನು ಅಂಟಿಸಿಕೊಂಡಿದ್ದ ಇನ್ನೊಂದಕ್ಕೆ 390. ಕಾರಣ ಕೇಳಿದ್ದಕ್ಕೆ ಹುಡುಗ "ಅದು ಕ್ಯಾರೆಕ್ಟರ್ ಐಟಂ ಸಾರ್" ಎಂದು, ನನಗೇ ಕ್ಯಾರೆಕ್ಟರ್ ಇಲ್ಲವೇನೋ ಎಂಬಂತೆ ನೋಡಿದ. ಜೊತೆಗೆ ಬಂದಿದ್ದ ಮಗಳ ಒತ್ತಾಯಕ್ಕೆ ಮಣಿದು 240 ರೂಪಾಯಿಯ ಆ ಮುಖವನ್ನು ಕೊಂಡುತಂದೆನಾದರೂ, ಅಂದಿನಿಂದ ಸಿನಿಮಾದವರಿಗೂ ಗೊಂಬೆ ಮಾಡುವವರಿಗೂ ನಡುವೆ ಕುದುರದೆ ಹೋದ ವ್ಯವಹಾರಗಳನ್ನು ನೆನೆದು ಸಮಾಧಾನಪಟ್ಟುಕೊಳ್ಳುವುದು ನನಗೊಂದು ಚಟವಾಗಿದೆ. ಆ ಕಥೆಗಳಲ್ಲೊಂದು ತತ್ತ್ವವಿದೆಯೆಂದು ನನಗೆ ತೋರುತ್ತದೆ. ಅದನ್ನು ಹೇಳಲೆಂದೇ ಕುಳಿತಿದ್ದೇನೆ.

ಅಮೆರಿಕದ ಆಟಿಕೆ ಕಂಪನಿ ಮ್ಯಾಟೆಲ್, 'ಸ್ಟಾರ್ ವಾರ್ಸ್' ಚಿತ್ರದ ಗೊಂಬೆಗಳನ್ನು ಮಾಡುವ ಹಕ್ಕನ್ನು ಬೇಡವೆಂದಿತು. ಆ ಹಕ್ಕನ್ನು ಪಡೆದ ಕೆನ್ನರ್ ಕಂಪನಿಯಾದರೋ, 1977ರ ಕ್ರಿಸ್‌ಮಸ್ಸಿಗೆ ಗೊಂಬೆಗಳು ಸಿದ್ಧವಾಗದಿದ್ದಾಗ, ಮುಂದೆ ಗೊಂಬೆ ಕಳಿಸುತ್ತೇವೆಂಬ ಚೀಟಿಯನ್ನಿಟ್ಟ ರಟ್ಟಿನ ಪೊಟ್ಟಣವನ್ನೇ ಮಾರಿತು. ಜನ ಅದನ್ನೂ ಕೊಂಡರು. ಇದೇ ಮ್ಯಾಟೆಲ್, 1995ರ 'ಟಾಯ್ ಸ್ಟೋರಿ'ಗೆ ತನ್ನ ಗೊಂಬೆ ಬಾರ್ಬಿಯನ್ನು ಕಳಿಸಿಕೊಡಲು ಒಪ್ಪದೆ, ಚಿತ್ರ ಗೆದ್ದ ಮೇಲೆ 1999ರ ಎರಡನೆಯ ಭಾಗಕ್ಕೆ ಕಳಿಸಿತು. ಇವೆಲ್ಲ ಸಣ್ಣಪುಟ್ಟ ಮುನಿಸುಗಳು. ನನ್ನ ಮನಸ್ಸು ಹೋಗಿ ನಿಲ್ಲುವುದು ಕೋನನ್ನನ ಬಳಿ.

ರಾಬರ್ಟ್ ಇ. ಹೊವಾರ್ಡ್ 1932ರಲ್ಲಿ ಕಥೆಗಳಿಗಾಗಿ ಸೃಷ್ಟಿಸಿದ ಈ ಕಾಡುವೀರನನ್ನು ಆರ್ನಾಲ್ಡ್ ಶ್ವಾರ್ಜ್‌ನೆಗರ್ ತೆರೆಗೆ ತರುವವನಿದ್ದ. 1981ರಲ್ಲಿ ಹಕ್ಕುದಾರರೂ ಮ್ಯಾಟೆಲ್ಲಿನವರೂ ಕೂತು ಗೊಂಬೆಗಳ ಕರಾರು ಮಾಡಿಕೊಂಡರು. ತಾಂಬೂಲ ಬದಲಾದ ಮೇಲೆ ಬೀಗರ ಮನೆಯ ನಿಜಸ್ಥಿತಿ ತಿಳಿಯುವಂತೆ, ಚಿತ್ರದಲ್ಲಿ ತಲೆಗಳೂ ಉರುಳುತ್ತವೆ, ಬಟ್ಟೆಗಳೂ ಕಳಚುತ್ತವೆ ಎಂಬುದು ಅನಂತರ ಅರಿವಿಗೆ ಬಂತು. 17 ತುಂಬದವರು ಹಿರಿಯರ ಜೊತೆಗಲ್ಲದೆ ನೋಡಬಾರದ ಚಿತ್ರದ ಗೊಂಬೆಯನ್ನು ಏಳು ವರ್ಷದ ಮಗುವಿಗೆ ಮಾರುವುದು ಹೇಗೆ? 1982ರಲ್ಲಿ, ಚಿತ್ರ ತೆರೆ ಕಾಣುವ ವರ್ಷವೇ, ಮ್ಯಾಟೆಲ್ ಸಂಬಂಧ ಬೇಡವೆಂದಿತು. ಅದೇ ವರ್ಷ ಅದರ ಮನೆಯಿಂದ ಹೀ-ಮ್ಯಾನ್ ಎಂಬ ಗೊಂಬೆ ಹೊರಬಂತು: ಉಬ್ಬಿದ ಮಾಂಸಖಂಡ, ತೊಗಲಿನ ಲಂಗೋಟಿ, ಕೈಯಲ್ಲಿ ಆಯುಧ. ಕೂದಲು ಮಾತ್ರ ಹೊಂಬಣ್ಣ.

ಹಕ್ಕುದಾರರು ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಹೋದರು. ಬಲಿಷ್ಠ ಮೈಕಟ್ಟು ಒಬ್ಬರ ಸ್ವತ್ತಲ್ಲವೆಂಬ ಧಾಟಿಯಲ್ಲಿ 1989ರಲ್ಲಿ ನ್ಯಾಯಾಲಯ ಅವರ ಕೃತಿಸ್ವಾಮ್ಯದ ವಾದವನ್ನು ತಳ್ಳಿಹಾಕಿತು. ಕೋನನ್ನನಿಗೆಂದು ಎರಕಹೊಯ್ದ ಗೊಂಬೆಗಳ ಕೂದಲಿಗೆ ಬಣ್ಣ ಬಳಿದು ಹೀ-ಮ್ಯಾನ್ ಎಂದು ಮಾರಿದರೆಂಬ ಮಾತು ಇಂದಿಗೂ ಓಡಾಡುತ್ತದೆ. ಆದರೆ ವಿನ್ಯಾಸಕಾರ ರೋಜರ್ ಸ್ವೀಟ್ ಹೇಳುವಂತೆ, ಕರಾರಿಗೂ ಮೊದಲೇ, 1980ರ ಕೊನೆಯಲ್ಲೇ, ಕಂಪನಿಯ ಬಿಗ್ ಜಿಮ್ ಎಂಬ ಹಳೆಯ ಗೊಂಬೆಗೆ ಜೇಡಿಮಣ್ಣು ಮೆತ್ತಿ ಈ ಮೈಕಟ್ಟನ್ನು ಮಾಡಿದವನು ಆತ. ಅಲ್ಲ, ಹೀ-ಮ್ಯಾನನ ಚಿತ್ರ ಬಿಡಿಸಿದವನು ನಾನು ಎಂದವನು ಸಹೋದ್ಯೋಗಿ ಮಾರ್ಕ್ ಟೇಲರ್. ಮಗು ಗೆದ್ದರೆ ತಂದೆಯರಿಗೆ ಕೊರತೆಯೆಲ್ಲಿ!

ಈ ಇಡೀ ರಗಳೆಯಲ್ಲಿ ನನಗೆ ಮೆಚ್ಚುಗೆಯಾದದ್ದು ಹುಲಿ. ಹೀ-ಮ್ಯಾನನ ವಾಹನ ಬ್ಯಾಟಲ್ ಕ್ಯಾಟ್ ಎಂಬ ಹಸಿರು ಹುಲಿ. ಅದರ ಅಚ್ಚೂ ಬಿಗ್ ಜಿಮ್ಮನ ಕಾಲದ್ದೇ. ಹತ್ತು ಅಂಗುಲದ ಬಿಗ್ ಜಿಮ್ಮನ ಪಕ್ಕದಲ್ಲಿ ಹುಲಿಯ ಗಾತ್ರ ಸರಿಯಾಗಿಯೇ ಇತ್ತು; ಐದೂವರೆ ಅಂಗುಲದ ಹೀ-ಮ್ಯಾನನ ಪಕ್ಕಕ್ಕೆ ಬಂದಾಗ ಅದು ಕುದುರೆಯಷ್ಟಾಯಿತು. ಹೊಸ ಅಚ್ಚಿಗೆ ದುಡ್ಡು ಸುರಿಯುವ ಬದಲು ಅವರು ಅದರ ಬೆನ್ನಿಗೆ ಜೀನು ಬಿಗಿದರು. ಗೃಹಕೃತ್ಯ ಬಲ್ಲವರ ಕೆಲಸವದು. ನಿನ್ನೆಯ ಅನ್ನವನ್ನು ಚಿತ್ರಾನ್ನ ಮಾಡುವ ನನ್ನ ಹೆಂಡತಿಗೆ ಇದನ್ನು ಹೇಳಿದಾಗ, ಇದರಲ್ಲಿ ವಿಶೇಷವೇನಿದೆಯೆಂದು ಆಕೆ ಕೇಳಿದಳು. ಇನ್ನೊಬ್ಬರ ಮುಖವನ್ನು ಬಾಡಿಗೆಗೆ ತಂದಿದ್ದರೆ ಮ್ಯಾಟೆಲ್ಲಿನವರಿಗೆ ಹುಲಿಯ ಬೆನ್ನೇರುವ ಉಪಾಯ ಹೊಳೆಯುತ್ತಿತ್ತೇ ಎಂದು ನಾನು ವಾದಿಸಬಹುದಿತ್ತು. ಆದರೆ ಅದೇ ಹೀ-ಮ್ಯಾನ್‌ ಮೇಲೆ 1987ರಲ್ಲಿ ಸಿನಿಮಾವೂ ಬಂದು ನೆಲಕಚ್ಚಿತೆಂಬುದು ನೆನಪಾಗಿ, ವಾದವೂ ತತ್ತ್ವವೂ ಒಟ್ಟಿಗೇ ಜಾರಿಹೋದವು.

ನಮ್ಮ ದೂರದರ್ಶನದಲ್ಲಿ ಹೀ-ಮ್ಯಾನ್ ಕಾರ್ಟೂನ್ ಬರುತ್ತಿದ್ದ ದಿನಗಳಲ್ಲಿ ಇದೇ ಮಗಳು ಶಾಲೆಯ ಮರದ ಸ್ಕೇಲನ್ನೇ ಕತ್ತಿಯಂತೆ ಎತ್ತಿಹಿಡಿದು ಹಜಾರದಲ್ಲಿ ಅಬ್ಬರಿಸುತ್ತಿದ್ದಳು. ಆ ಸ್ಕೇಲಿನ ಮೇಲೆ ಯಾರ ಮುಖವೂ ಇರಲಿಲ್ಲವೆಂದು ಈಗ ನೆನಪಿಸಿದರೆ, ಆಗ ಗೊಂಬೆ ಕೇಳಿದ್ದಕ್ಕೆ ನೀವು ಸ್ಕೇಲು ಕೊಟ್ಟಿರಿ, ಅಪ್ಪ, ಎನ್ನುತ್ತಾಳೆ.

ಮೊನ್ನೆ ಸಂಜೆ ಮೊಮ್ಮಗ ಮಂಚದ ಕೆಳಗೆ ಕಾರು ಓಡಿಸುತ್ತಿದ್ದಾಗ, ಬಾನೆಟ್ಟಿನ ಮೇಲೆ ಕುಳಿತಿರುವ ಆ 240 ರೂಪಾಯಿಯ ಮಹಾನುಭಾವ ಯಾರಪ್ಪಾ ಎಂದು ಕೇಳಿದೆ. ಅವನು ಕಾರನ್ನು ಕಣ್ಣಿನ ಹತ್ತಿರ ತಂದು, ಹೊಸದಾಗಿ ನೋಡುವವನಂತೆ ನೋಡಿ, "ಡ್ರೈವರ್ ಮಾಮ, ತಾತ" ಎಂದ.