ಬುಧವಾರದ ರಜೆ, ಆರು ಈರುಳ್ಳಿ, ಒಂದು ಮೊಂಡು ಚಾಕು

ಭಾನುವಾರಕ್ಕಾದರೆ ಶನಿವಾರ ರಾತ್ರಿಯೇ ದೋಸೆ ಹಿಟ್ಟು ರೆಡಿ ಇರುತ್ತೆ. ವಾರದ ಮಧ್ಯೆ ಬೀಳೋ ರಜೆಗೆ ಆ ಯೋಗ ಇಲ್ಲ. ಮೊನ್ನೆ ಬುಧವಾರ ಎದ್ದಾಗ ಒಂಬತ್ತೂವರೆ. ಫ್ರಿಜ್ಜಲ್ಲಿ ಹಿಂದಿನ ದಿನದ ಸಾರು, ಡಬ್ಬೀಲಿ ಬನ್ಸಿ ರವೆ. ಅಲ್ಲಿಗೆ ಉಪ್ಪಿಟ್ಟು ಅಂತ ತೀರ್ಮಾನ ಆಯ್ತು. (ಉಪ್ಪಿಟ್ಟನ್ನ ಕಾಂಕ್ರೀಟ್ ಅನ್ನೋರು ಈರುಳ್ಳಿಗೆ ಜಿಪುಣತನ ಮಾಡೋ ಮನೇಲಿ ತಿಂದಿರ್ತಾರೆ, ಅಷ್ಟೆ.)

ಆರು ಈರುಳ್ಳಿ ಹೆಚ್ಚೋದು ನನ್ನ ಪಾಲಿಗೆ ಬಂತು. ಎರಡನೇದಕ್ಕೇ ಕಣ್ಣಲ್ಲಿ ನೀರು ದಳದಳ. ವಾಟ್ಸಾಪ್ ಉಪಾಯಗಳೆಲ್ಲ ಈ ಹಿಂದೆಯೇ ಮಾಡಿ ಸೋತಿದ್ದೀನಿ: ಬಾಯಲ್ಲಿ ನೀರು ತುಂಬಿಕೊಂಡೆ, ಈರುಳ್ಳೀನ ಫ್ರಿಜ್ಜಲ್ಲಿಟ್ಟೆ, ಪಕ್ಕದಲ್ಲಿ ಮೇಣದಬತ್ತಿ ಹಚ್ಚಿದೆ. ಹುಟ್ಟುಹಬ್ಬದ ದಿನ ಅತ್ತ ಹಾಗಾಯ್ತು.

ಆಗ ನೆನಪಾಗಿದ್ದು 2025ರ ಒಂದು ಸುದ್ದಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಈರುಳ್ಳಿಗೆ ಕಪ್ಪು ಬಣ್ಣ ಬಳಿದು, ಮೇಲಿಂದ ಬ್ಲೇಡ್ ಬೀಳಿಸಿ, ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದಿದ್ದಾರೆ. ಮೊಂಡು ಅಲಗು ಕತ್ತರಿಸೋಕೆ ಮುಂಚೆ ಅದುಮುತ್ತೆ. ಪದರದ ಮೇಲಿನ ತೆಳು ಪೊರೆ ತಡೆಯೋವರೆಗೂ ತಡೆದು, ಹರಿದ ಕ್ಷಣ ಒಳಗಿನ ರಸ ಪಿಚಕಾರಿ ಥರ ಚಿಮ್ಮುತ್ತೆ. ಅಲಗು ಚೂಪಿದ್ದು ನಿಧಾನವಾಗಿ ಹೆಚ್ಚಿದರೆ ಹನಿಗಳೂ ಕಮ್ಮಿ, ವೇಗಾನೂ ಕಮ್ಮಿ. ಉರಿ ತರಿಸೋ ವಸ್ತುವನ್ನ ತಯಾರಿಸೋ ಕಿಣ್ವ ಈರುಳ್ಳೀಲಿ ಬೇರೆಯೇ ಇದೆ ಅಂತ ಜಪಾನಿನವರು 2002ರಲ್ಲೇ ಕಂಡುಹಿಡಿದು, 2013ರಲ್ಲಿ ಇಗ್ನೊಬೆಲ್ ತಗೊಂಡಿದ್ದರು. ಇಗ್ನೊಬೆಲ್ ಅಂದ್ರೆ ಮೊದಲು ನಗಿಸಿ ಆಮೇಲೆ ಯೋಚಿಸೋ ಹಾಗೆ ಮಾಡೋ ಸಂಶೋಧನೆಗಳಿಗೆ ಕೊಡೋ ಬಹುಮಾನ.

ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ಅವಳು ಮಾತಾಡದೆ ಒಳಗಿಂದ ಈಳಿಗೆಮಣೆ ತಂದಳು. ದಾವಣಗೆರೆಯಿಂದ ಬರುವಾಗ ‘ಈ ಭಾರ ಯಾಕಮ್ಮಾ’ ಅಂತ ನಾನು ಬೈದಿದ್ದ ಅದೇ ಈಳಿಗೆಮಣೆ. ‘ನಿನ್ನ ಚಾಕು ಬೆಣ್ಣೆ ಹಚ್ಚೋಕೆ ಸರಿ ಕಣೋ’ ಅಂದು, ಮಣೆ ಮೇಲೆ ಕೂತು, ಉಳಿದ ನಾಲ್ಕನ್ನ ನಿಧಾನವಾಗಿ ಅಲಗಿಗೆ ಒತ್ತಿ ಮುಗಿಸಿದಳು. ಕಣ್ಣು ಸ್ವಲ್ಪ ಕೆಂಪಾಯ್ತು, ನೀರು ಇಳೀಲಿಲ್ಲ. ಒಂದೇ ಸಲದ ಪ್ರಯೋಗ, ಪುರಾವೆ ಅನ್ನಲ್ಲ. ‘ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು’ ಅಂತ ಕಾಮೆಂಟ್ ಹಾಕೋರು ದಯವಿಟ್ಟು ತಡೀರಿ. ಅವಳಿಗೆ ಗೊತ್ತಿದ್ದಿದ್ದು ಅಲಗು ಮಸೆಯೋದು. ಯಾಕೆ ಅನ್ನೋದಕ್ಕೆ ಕ್ಯಾಮೆರಾ ಬೇಕಾಯ್ತು.

ಇಂಥ ಸುದ್ದಿ ಪೇಪರಲ್ಲಿ ಮೂಲೆಗೆ ಬೀಳುತ್ತೆ, ‘ಇದಕ್ಕೂ ದುಡ್ಡು ದಂಡ ಮಾಡ್ತಾರಾ’ ಅಂತ ಬೈಸಿಕೊಳ್ಳುತ್ತೆ. ಆ ಹನಿಗಳ ಜೊತೆ ರೋಗಾಣುಗಳೂ ಅಡುಗೆಮನೆ ತುಂಬ ಹಾರಬಹುದು ಅಂತ ಅದೇ ತಂಡ ಹೇಳಿದ್ದನ್ನ ಯಾರೂ ಓದಲ್ಲ. ನನಗಂತೂ ‘ಏಳು ದಿನದಲ್ಲಿ ಹೊಟ್ಟೆ ಕರಗಿಸಿ’ಗಿಂತ ಇದು ಸಾವಿರ ಪಾಲು ವಾಸಿ.

ಸಂಜೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಚಿಪ್ಸ್ ಕಡಿಯೋ ಶಬ್ದವನ್ನ ಹೆಡ್‌ಫೋನಲ್ಲಿ ಜೋರು ಮಾಡಿ ಕೇಳಿಸಿದರೆ ಅದು ಹೆಚ್ಚು ಗರಿಗರಿ ಅನ್ಸುತ್ತೆ ಅನ್ನೋ ಇನ್ನೊಂದು ಸಂಶೋಧನೆ ಇದೆ. ಅದಕ್ಕೂ 2008ರಲ್ಲಿ ಇಗ್ನೊಬೆಲ್ ಬಂತು. ಅದನ್ನೂ ಅಮ್ಮನಿಗೆ ಹೇಳೋಕೆ ಹೊರಟೆ.

‘ಮೊದಲು ತಿನ್ನು, ಮೆತ್ತಗಾಗ್ತಿದೆ’ ಅಂದಳು. ಆಗಲೇ ಮೆತ್ತಗಾಗಿತ್ತು.